ಅಸಲು ಮತ್ತು ಬಡ್ಡಿ

ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದ ಕನ್ನಡಿಗ ನಾನು. ಊರ ಕಡೆಯಿಂದ ಬಂದವರಿಗೆ ಆಗಾಗ ನಾಲಗೆಯಾಗಬೇಕಾಗುತ್ತದೆ. ಆಸ್ಪತ್ರೆ, ಬ್ಯಾಂಕು, ರೈಲ್ವೆ ಕೌಂಟರು ಎಲ್ಲ ರೂಢಿಯಾಗಿವೆ. ಆದರೆ ಬಾಂದ್ರಾದ ಕುಟುಂಬ ನ್ಯಾಯಾಲಯದಲ್ಲಿ ನಾಲಗೆಯಾಗಿದ್ದು ಒಂದೇ ಪ್ರಕರಣದಲ್ಲಿ. ಅಲ್ಲಿ ನಾನು ಮಾಡಿದ್ದು ಸರಿಯೇ ಅಂತ ಈಗಲೂ ಯೋಚಿಸುತ್ತೇನೆ.

ಗದಗ ಕಡೆಯ ವೃದ್ಧ ದಂಪತಿ ಅವರು. ಮುಲುಂಡಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಕಾಯಿಲೆಯಿಂದ ತೀರಿಕೊಂಡಿದ್ದಳು. ಅಳಿಯ ಮರುಮದುವೆಯಾಗಿದ್ದ. ಆರು ವರ್ಷದ ಮೊಮ್ಮಗಳನ್ನು ತಮಗೆ ಒಪ್ಪಿಸಬೇಕೆಂದು ಇವರ ಅರ್ಜಿ. ‘ಗದಗಿನ್ಯಾಗ ಕೇಸ್ ಹಾಕಾಕ ಬರಂಗಿಲ್ಲೇನ್ರಿ?’ ಎಂದು ಅಜ್ಜ ನನ್ನನ್ನು ಕೇಳಿದ್ದುಂಟು. ಬರುವುದಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ಮಗು ಎಲ್ಲಿ ವಾಸವಾಗಿದೆಯೋ ಅಲ್ಲಿನ ಕೋರ್ಟಿಗೇ ಹೋಗಬೇಕು. ಹಾಗಾಗಿ ತಾರೀಖು ಬಿದ್ದಾಗಲೆಲ್ಲ ರೊಟ್ಟಿ ಬುತ್ತಿ ಕಟ್ಟಿಕೊಂಡು ರಾತ್ರಿ ರೈಲು ಹತ್ತುತ್ತಿದ್ದರು.

1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯಲ್ಲಿ ಸಹಜ ಪಾಲಕರೆಂದರೆ ತಂದೆ, ತಾಯಿ, ಅಜ್ಜ-ಅಜ್ಜಿಯ ಹೆಸರಿಲ್ಲ. ಆದರೆ ಎಲ್ಲಕ್ಕಿಂತ ಮಗುವಿನ ಹಿತ ದೊಡ್ಡದೆಂದು ಅದೇ ಕಾಯ್ದೆ ಹೇಳುತ್ತದೆ. ಅದಕ್ಕೇ ತೀರ್ಪುಗಳು ಎರಡೂ ಕಡೆ ಹೋಗಿವೆ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ತಾಯಿಯಿಲ್ಲದ ಹುಡುಗನನ್ನು ಹನ್ನೆರಡು ತುಂಬುವವರೆಗೆ ತಾಯಿಯ ತಂದೆಯ ಬಳಿಯೇ ಬಿಟ್ಟಿತು 2010ರ ಸುಪ್ರೀಂ ಕೋರ್ಟ್ ತೀರ್ಪು. ಅದೇ ರಾಜ್ಯದ ಇನ್ನೊಂದು ಮಗುವನ್ನು ತಾಯಿಯ ಕಡೆಯವರಿಂದ ತಂದೆಗೆ ಕೊಡಿಸಿತು 2019ರದು. ಕೊರೊನಾದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಅಹಮದಾಬಾದಿನ ಹುಡುಗನನ್ನು 2022ರಲ್ಲಿ ತಂದೆಯ ತಂದೆ-ತಾಯಿಗೆ ಒಪ್ಪಿಸುವಾಗ, ವಯಸ್ಸಾಗಿದೆ ಎಂಬುದೊಂದೇ ಕಾರಣ ಸಾಲದು ಎಂದಿತು.

ಇಷ್ಟನ್ನೆಲ್ಲ ವಕೀಲರಿಂದ ಕೇಳಿ ತಿಳಿದಿದ್ದೆ. ಆದ್ದರಿಂದಲೇ ಅವತ್ತು ತಪ್ಪು ಮಾಡಿದೆ. ಆಪ್ತ ಸಮಾಲೋಚಕಿ ಮರಾಠಿಯಲ್ಲಿ ಕೇಳಿದರು: ಮಗು ನಿಮಗೇಕೆ ಬೇಕು? ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದರು: ‘ನನ್ನ ಮಗಳ ಮಾರಿ ಐತ್ರಿ ಅದ್ರಾಗ.’

ಈ ಮಾತು ಕೇಸಿಗೆ ಒಳ್ಳೆಯದಲ್ಲ ಎನ್ನಿಸಿತು. ಇಲ್ಲಿ ಕೇಳುತ್ತಿರುವುದು ಮಗುವಿಗೆ ಏನು ಬೇಕು ಎಂದು, ಅಜ್ಜಿಗೆ ಏನು ಬೇಕೆಂದಲ್ಲ. ‘ಮನೆ ಇದೆ, ಶಾಲೆ ಹತ್ತಿರದಲ್ಲಿದೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಅಂತ ಉದ್ದಕ್ಕೆ ಹೇಳಿದೆ.

ಹೊರಗೆ ಬಂದಮೇಲೆ ಅಜ್ಜಿ ಕೇಳಿದರು: ‘ನಾ ಹೇಳಿದ್ದ ಬ್ಯಾರೆ, ನೀವ್ ಹೇಳಿದ್ದ ಬ್ಯಾರೆ, ಹೌದಲ್ರಿ? ಮುಲಗಿ ಅನ್ನೂ ಮಾತs ಬರಲಿಲ್ಲ.’ ಅಷ್ಟು ಮರಾಠಿ ಅವರಿಗೆ ಬರುತ್ತಿತ್ತು! ನನಗೆ ಮುಖ ಎತ್ತಲಾಗಲಿಲ್ಲ.

ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎನ್ನುತ್ತೇವೆ. ಇಲ್ಲಿ ಅಸಲೇ ಹೋಗಿತ್ತು. ಹೋದ ಅಸಲನ್ನು ಬಡ್ಡಿಯಲ್ಲಿ ಹುಡುಕುವುದು ಪ್ರೀತಿಯೋ, ಸ್ವಾರ್ಥವೋ? ಸತ್ತವರ ಜಾಗವನ್ನು ತುಂಬುವ ಕೆಲಸ ಆರು ವರ್ಷದ ಹುಡುಗಿಗೆ ಭಾರವೇ. ಅವಳ ಶಾಲೆ, ಗೆಳತಿಯರು, ಭಾಷೆ ಎಲ್ಲ ಮುಲುಂಡಿನಲ್ಲಿವೆ. ಪ್ರೀತಿ ಎಷ್ಟೇ ಇದ್ದರೂ ಅದರಿಂದ ಹಕ್ಕು ಹುಟ್ಟುವುದಿಲ್ಲ ಎಂದೇ ನನ್ನ ನಂಬಿಕೆ.

ಆದರೆ ಮುಂದಿನ ತಾರೀಖಿನಲ್ಲಿ ಅಜ್ಜಿಯ ಒತ್ತಾಯಕ್ಕೆ ಆ ಮಾತನ್ನು ಇದ್ದ ಹಾಗೇ ಹೇಳಿದೆ. ಅಳಿಯನೂ ಎದುರಿಗಿದ್ದ. ಬಹಳ ಹೊತ್ತು ಸುಮ್ಮನಿದ್ದು, ಹುಡುಗಿ ಅಳುತ್ತಾಳೆಂದು ತಾಯಿಯ ಫೋಟೋಗಳನ್ನೆಲ್ಲ ಕಪಾಟಿನ ಮೇಲೆ ಕಟ್ಟಿಟ್ಟಿದ್ದೇನೆ ಅಂದ. ಆಗ ನನಗೆ ಹೊಳೆಯಿತು. ಅಜ್ಜಿಗೆ ಆ ಮುಖ ಎಷ್ಟು ಬೇಕೋ ಮಗುವಿಗೂ ಅಷ್ಟೇ ಬೇಕು. ಅಮ್ಮ ಹೇಗೆ ನಗುತ್ತಿದ್ದಳು, ಯಾವುದಕ್ಕೆ ಹಟ ಹಿಡಿಯುತ್ತಿದ್ದಳು ಎಂದು ಹೇಳಬಲ್ಲವರು ಗದಗಿನಲ್ಲಿದ್ದಾರೆ. ಅಜ್ಜ-ಅಜ್ಜಿಗೆ ಮಗುವಿನ ಮೇಲೆ ಹಕ್ಕಿಲ್ಲದಿರಬಹುದು, ಮಗುವಿಗೆ ಅವರ ಮೇಲೆ ಇದೆ.

ಕೊನೆಗೆ ರಾಜಿಯಾಯಿತು. ಹುಡುಗಿ ತಂದೆಯ ಹತ್ತಿರ. ದೀಪಾವಳಿ ಮತ್ತು ಮೇ ರಜೆ ಗದಗಿನಲ್ಲಿ. ಅಜ್ಜ ಸೋತೆವೆಂದೇ ತಿಳಿದಿದ್ದಾರೆ. ಅಜ್ಜಿ ಮೊನ್ನೆ ಫೋನು ಮಾಡಿದ್ದರು: ‘ಹುಡುಗಿ ಅವರವ್ವನ ಫೋಟೋ ಕೇಳಿ ಇಸಗೊಂಡು ಹೋತ್ರಿ.’