ಹಾಯುವ ಎತ್ತೂ ತುಂಬಿಸುವ ಕೈಯೂ

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾಗಿ ಒಂದು ವಿಧಿಯುಂಟು. ಎತ್ತು ಹಾಯುವದೆಂದು ಯಜಮಾನನಿಗೆ ಮುಂಚೆಯೇ ತಿಳಿಸಿದ್ದರೂ ಅವನು ಅದನ್ನು ಕಟ್ಟದೆ ಬಿಟ್ಟು, ಅದು ಒಬ್ಬನ ಪ್ರಾಣ ತೆಗೆದರೆ, ಆ ರಕ್ತಾಪರಾಧವು ಯಜಮಾನನ ಮೇಲೆಯೂ ಇರುವದು. ತಿಳಿದೂ ತಡೆಯದೆ ಇದ್ದದ್ದೇ ಅವನ ಪಾಪವು.

ರಾಯಲ್ಪಾಡಿನ ಸುತ್ತಲಿನ ಹಳ್ಳಿಯವರಾದ ನಮಗೆ ಎತ್ತು ಕಟ್ಟುವದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮಾವಿನ ಸುಗ್ಗಿಯ ಕೂಲಿ ಕೈಸೇರಿದ ಸಂಜೆ, ತೂರಾಡುತ್ತಾ ಬಂದವನ ಲೋಟವನ್ನು ಮತ್ತೆ ತುಂಬಿಸುವ ಕೈಯ ವಿಷಯವಾಗಿ ನಾವು ಆಲೋಚಿಸಿದ್ದೇವೋ?

ಸರಕಾರವು ಇದನ್ನು ಆಲೋಚಿಸಿದೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಕೆಳಗೆ 1967ರಲ್ಲಿ ಮಾಡಲ್ಪಟ್ಟ ನಿಯಮಗಳ ಪ್ರಕಾರ, ಅಮಲೇರಿದ್ದಾನೆಂದು ತಿಳಿದವನಿಗೆ ಸನ್ನದುದಾರನು ಮದ್ಯವನ್ನು ಮಾರಕೂಡದು. 2007ನೆಯ ಜುಲೈ 1ರಿಂದ ಸಾರಾಯಿಯು ನಿಷಿದ್ಧವಾಯಿತು. ಆದರೂ ಕುಡಿತವು ನಿಲ್ಲಲಿಲ್ಲ, ಸೀಸೆ ಮಾತ್ರ ಬದಲಾಯಿತು. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದವನು ಗಾಡಿ ನಡಿಸುವದು ಅಪರಾಧವು.

“ನಾನು ಕುಡಿಯುವವನಲ್ಲ, ಬಾರಿನಲ್ಲಿ ಕೂಲಿಗೆ ಬಡಿಸುವವನು. ನಾನು ಕೊಡದಿದ್ದರೆ ಇನ್ನೊಬ್ಬನು ಕೊಡುವನು” ಎಂದು ನಮ್ಮಲ್ಲಿ ಕೆಲವರು ಹೇಳುವದುಂಟು. ಪ್ರಿಯರೇ, ಕಾಯಿನನೂ ತಮ್ಮನನ್ನು ಕಾಯುವವನು ತಾನಲ್ಲವೆಂದನು. ದೇವರು ಆ ಉತ್ತರವನ್ನು ಒಪ್ಪಲಿಲ್ಲ. ನೆರೆಯವನಿಗೆ ಕುಡಿಸಿ ಮತ್ತೇರಿಸುವವನ ಗತಿಯನ್ನು ಕುರಿತು ಹಬಕ್ಕೂಕನು ದುಃಖದಿಂದ ನುಡಿದಿದ್ದಾನೆ. ಪರಲೋಕದ ನ್ಯಾಯಾಸನದ ಮುಂದೆ ಕುಡಿದವನು ಮಾತ್ರವಲ್ಲ, ಕುಡಿಸಿದವನೂ ನಿಲ್ಲುವನು. ಮದುವೆಯ ಮನೆಯ ಹಿತ್ತಿಲಲ್ಲಿ ಗುಟ್ಟಾಗಿ ಹಂಚುವವನಿಗೂ ಇದೇ ಮಾತು.

ಹಾಗಾದರೆ ಮಾಡತಕ್ಕದ್ದೇನು? ಅಮಲೇರಿದವನಿಗೆ ಇನ್ನು ಕೊಡಬೇಡಿರಿ. ಜಗಳವಾಡದೆ ಮೃದುವಾಗಿ ಕೂರಿಸಿ ನೀರು ಕೊಡಿರಿ. ಗಾಡಿಯ ಬೀಗದಕೈಯನ್ನು ಕೇಳಿ ಇಟ್ಟುಕೊಳ್ಳಿರಿ. ಜೊತೆಗೊಬ್ಬನನ್ನು ಕೂಡಿಸಿ ಮನೆಗೆ ಕಳುಹಿಸಿರಿ. ಅವನ ಜೇಬಿನಲ್ಲಿ ಉಳಿದದ್ದು ಅವನ ಮಕ್ಕಳ ಅನ್ನವೆಂದು ನೆನಸಿರಿ. ಇದಕ್ಕಾಗಿ ಯಜಮಾನನು ನಿಮ್ಮನ್ನು ಕೆಲಸದಿಂದ ಬಿಡಿಸಿದರೆ ಸಭೆಯ ಮುಂದೆ ಬಂದು ಹೇಳಿರಿ. ಬೇರೆ ಕೂಲಿ ದೊರೆಯುವ ವರೆಗೆ ಆ ಮನೆಯ ಒಲೆ ಆರದಂತೆ ನೋಡಿಕೊಳ್ಳುವದು ನಮ್ಮೆಲ್ಲರ ಸಾಲವು. ಹಾಗೆ ಮಾಡದೆ ಬರೀ ಬುದ್ಧಿ ಹೇಳಿದರೆ ನಾವೂ ಎತ್ತನ್ನು ಕಟ್ಟದವರೇ.

ದಾರಿಯಲ್ಲಿ ಗಾಯಪಟ್ಟು ಬಿದ್ದವನನ್ನು ಸಮಾರ್ಯದವನು ಛತ್ರದವನಿಗೆ ಒಪ್ಪಿಸಿ, ಅವನನ್ನು ಆರೈಕೆ ಮಾಡುವದಕ್ಕಾಗಿ ಹಣ ಕೊಟ್ಟನು. ನಮ್ಮ ಬಾಗಿಲಿಗೆ ತೂರಾಡುತ್ತಾ ಬರುವವನನ್ನೂ ಕರ್ತನು ನಮ್ಮ ವಶಕ್ಕೆ ಒಪ್ಪಿಸಿದ್ದಾನೆ. ಆತನು ತಿರಿಗಿ ಬಂದು ಕೇಳುವಾಗ ನಾವು ನಾಚದಂತೆ ಕೃಪೆಮಾಡಲಿ. ಆಮೆನ್.