ಅಸ್ತಿಭಾರದ ನೀರೂ ಗೃಹಸ್ಥನ ಧರ್ಮವೂ

ತನ್ನ ಮನೆಯನ್ನು ಕಾಪಾಡಿಕೊಳ್ಳುವುದು ಗೃಹಸ್ಥನಿಗೆ ವಿಹಿತವಾದ ಕರ್ತವ್ಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಮನೆಯಿಂದ ಹೊರದೂಡಿದ ಕೇಡು ನೆರೆಮನೆಯ ಬಾಗಿಲಿಗೆ ಹೋಗಿ ನಿಂತರೆ ಆ ರಕ್ಷಣೆಯು ಧರ್ಮವೆನಿಸುವುದೇ? ಅಸ್ತಿಭಾರದಲ್ಲಿ ನೀರು ಒಸರುವ ಮನೆಯ ದೃಷ್ಟಾಂತದಿಂದ ಈ ಪ್ರಶ್ನೆಯು ಚೆನ್ನಾಗಿ ವಿಶದವಾಗುತ್ತದೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಚಳಿಯ ಪ್ರಾಂತಗಳಲ್ಲಿ ಮನೆಗಳಿಗೆ ನೆಲಮಾಳಿಗೆ ಇರುವುದು ವಾಡಿಕೆ. ಮಳೆಯ ದಿನಗಳಲ್ಲಿಯೂ ಹಿಮ ಕರಗುವ ಕಾಲದಲ್ಲಿಯೂ ಗೋಡೆಯ ಹೊರಗಣ ಮಣ್ಣು ನೀರುಂಡು ಭಾರವಾಗುತ್ತದೆ. ಆ ನೀರು ತನ್ನ ಒತ್ತಡದಿಂದ ಬಿರುಕನ್ನು ಹುಡುಕಿಕೊಂಡು ಒಳಗೆ ಬರುತ್ತದೆ. ಗೋಡೆಯ ಮೇಲೆ ಉಪ್ಪು ಅರಳಿದಂತೆ ಬಿಳಿಯ ಪುಡಿ ಏಳುತ್ತದೆ; ಮುಗ್ಗಲು ವಾಸನೆ ಮನೆಯನ್ನೆಲ್ಲ ವ್ಯಾಪಿಸುತ್ತದೆ. ಒಳಗಿನಿಂದ ಬಣ್ಣ ಬಳಿದರೆ ಕೆಲವು ಕಾಲ ಕಣ್ಣಿಗೆ ಸಮಾಧಾನ. ನೀರು ಹೊರಗೆ ನಿಂತೇ ಇರುವುದರಿಂದ ಬಣ್ಣವು ಹೊಪ್ಪಳಿಕೆ ಎದ್ದು ಕಳಚಿಬೀಳುತ್ತದೆ. ಕಾರಣವನ್ನು ಬಿಟ್ಟು ಕಾರ್ಯವನ್ನು ಮುಚ್ಚುವ ಯತ್ನಕ್ಕೆ ಇದೇ ಗತಿ.

ಬಲ್ಲವರು ಮೊದಲು ಸೂರಿನ ನೀರನ್ನು ದೋಣಿಯಲ್ಲಿ ಹಿಡಿದು ಗೋಡೆಯಿಂದ ದೂರ ಬಿಡುತ್ತಾರೆ. ಮನೆಯ ಸುತ್ತಣ ಮೊದಲ ಹತ್ತು ಅಡಿಗಳಲ್ಲಿ ನೆಲವು ಆರು ಅಂಗುಲದಷ್ಟು ಹೊರಕ್ಕೆ ಇಳಿಯುವಂತೆ ಮಣ್ಣು ಕೊಡುತ್ತಾರೆ. ಎಷ್ಟೋ ಮನೆಗಳಿಗೆ ಇಷ್ಟೇ ಸಾಕು. ಸಾಲದಿದ್ದರೆ ನೆಲದಡಿಯ ಕಾಲುವೆ. ಇದನ್ನು ಅಲ್ಲಿ ‘ಫ್ರೆಂಚ್ ಡ್ರೈನ್’ ಎನ್ನುತ್ತಾರೆ. ಈ ಹೆಸರಿಗೂ ಫ್ರಾನ್ಸ್ ದೇಶಕ್ಕೂ ಸಂಬಂಧವಿಲ್ಲ. ನ್ಯೂ ಹ್ಯಾಂಪ್‌ಶೈರಿನಲ್ಲಿ ನ್ಯಾಯಾಧೀಶನಾಗಿದ್ದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬಾತನು 1859ರಲ್ಲಿ ಹೊಲಗಳ ನೀರು ಬಸಿಯುವ ವಿಷಯವಾಗಿ ಗ್ರಂಥವೊಂದನ್ನು ಪ್ರಕಟಿಸಿ ಈ ವಿಧಾನವನ್ನು ಪ್ರಚುರಪಡಿಸಿದನು.

ಇದನ್ನು ಮನೆಯ ಯಜಮಾನನೇ ಗುದ್ದಲಿ ಹಿಡಿದು ಮಾಡಿಕೊಳ್ಳುವುದುಂಟು. ನೆಲದೊಳಗಿನ ತಂತಿ ಕೊಳವೆಗಳನ್ನು ಗುರುತು ಮಾಡಿಸಿಕೊಂಡ ಮೇಲೆಯೇ ಅಗೆಯಬೇಕು. ಅಸ್ತಿಭಾರದ ತಳವನ್ನು ಕೆದಕಬಾರದು. ತೋಡಿದ ಹಳ್ಳಕ್ಕೆ ಸೋಸುವ ಬಟ್ಟೆಯನ್ನು ಹಾಸಿ, ಜಲ್ಲಿಯನ್ನು ಹರಡಿ, ಅದರ ಮೇಲೆ ರಂಧ್ರಗಳುಳ್ಳ ಕೊಳವೆಯನ್ನು ಇಡುತ್ತಾರೆ. ರಂಧ್ರಗಳು ಕೆಳಮುಖವಾಗಿರಬೇಕು, ಹಳ್ಳದಲ್ಲಿ ಮೇಲೇರುವ ನೀರು ಅಲ್ಲಿಂದಲೇ ಒಳಹೊಗುತ್ತದೆ. ಎಂಟು ಅಡಿಗೆ ಒಂದು ಅಂಗುಲದಷ್ಟಾದರೂ ವಾಟ ಬೇಕು. ಮತ್ತೆ ಜಲ್ಲಿ ತುಂಬಿ ಬಟ್ಟೆಯನ್ನು ಮಡಿಸಿ ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. ಬಟ್ಟೆಯಿಲ್ಲದಿದ್ದರೆ ನುಣ್ಮಣ್ಣು ಸೇರಿ ಜಲ್ಲಿ ಕಟ್ಟಿಕೊಳ್ಳುತ್ತದೆ. ವಾಟ ತಪ್ಪಿದರೆ ನೀರು ಗೋಡೆಯ ಬುಡದಲ್ಲಿಯೇ ನಿಲ್ಲುತ್ತದೆ. ಮುಚ್ಚಿದ ಮೇಲೆ ನೋಡುವವರಾರು? ಆದರೂ ಮಾಡುವವನು ರಸಮಟ್ಟವಿಟ್ಟು ನೋಡಲೇಬೇಕು. ಕಾಯಕವು ಸತ್ಯಶುದ್ಧವಾಗಿರಬೇಕೆಂದು ಶರಣರು ಹೇಳಿದುದರ ಅರ್ಥವು ಇಂಥ ಕಾಣದ ಕೆಲಸದಲ್ಲಿಯೇ ಹೊಳೆಯುತ್ತದೆ.

ಇನ್ನು ಮುಖ್ಯವಾದ ವಿಚಾರ. ಕೊಳವೆಯ ಬಾಯಿ ಎಲ್ಲಿಗೆ? ಹೊರಹೋದ ನೀರು ಇಲ್ಲವಾಗುವುದಿಲ್ಲ. ಮತ್ತೊಂದು ಕಡೆಗೆ ಹೋಗುತ್ತದೆ, ಅಷ್ಟೆ. ಆ ದೇಶದ ನ್ಯಾಯಾಲಯಗಳು ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದುವು. ಮಳೆಯ ನೀರು ಎಲ್ಲರಿಗೂ ಸಮಾನ ಶತ್ರು, ಅದನ್ನು ಯಾರು ಹೇಗೆ ಬೇಕಾದರೂ ಅಟ್ಟಬಹುದು ಎಂಬುದು ಒಂದು ಪಕ್ಷ. ನೀರಿನ ಸಹಜವಾದ ಹರಿವನ್ನು ಯಾರೂ ಬದಲಿಸಕೂಡದು ಎಂಬುದು ಇನ್ನೊಂದು ಪಕ್ಷ. ನ್ಯೂ ಜೆರ್ಸಿ ರಾಜ್ಯದ ಶ್ರೇಷ್ಠ ನ್ಯಾಯಾಲಯವು 1956ರಲ್ಲಿ, ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಬರೆದ ತೀರ್ಪಿನಲ್ಲಿ, ಮೂರನೆಯ ಮಾರ್ಗವನ್ನು ಅಂಗೀಕರಿಸಿತು. ಹೊಸ ಮನೆಗಳ ಬಡಾವಣೆಯೊಂದರ ಮಳೆನೀರನ್ನೆಲ್ಲ ಕೊಳವೆಗಳಿಂದ ತೊರೆಗೆ ಬಿಟ್ಟುದರಿಂದ ಕೆಳಗಿನವರ ದಡ ಕೊಚ್ಚಿಹೋಗುತ್ತಿದ್ದಿತು. ಪ್ರತಿಯೊಬ್ಬನೂ ತನ್ನ ಭೂಮಿಯನ್ನು ಯುಕ್ತವಾಗಿ ಬಳಸಬಹುದು, ಆದರೆ ಅಯುಕ್ತವಾದ ಹಾನಿಗೆ ಹೊಣೆಯಾಗಬೇಕು ಎಂದು ಹೇಳಿ, ಮುಂದಿನ ಕೊಳವೆಯ ವೆಚ್ಚವನ್ನು ಬಡಾವಣೆ ಕಟ್ಟಿದವರ ಮೇಲೆಯೇ ನ್ಯಾಯಾಲಯವು ಹೊರಿಸಿತು.

ಇಲ್ಲೊಂದು ಆಕ್ಷೇಪವುಂಟು. ನೀರು ತಗ್ಗಿಗೆ ಹರಿಯುವುದು ಸ್ವಭಾವ. ಕೊಳವೆಯಿಲ್ಲದಿದ್ದರೂ ಅದು ಕೆಳಗಿನವನ ಹಿತ್ತಲಿಗೇ ಹೋಗುತ್ತಿತ್ತು. ಇದರಲ್ಲಿ ಮೇಲಿನವನ ಅಪರಾಧವೇನು? ಸಮಾಧಾನವಿದು: ಸ್ವಭಾವವಾಗಿ ಹರಿಯುವ ನೀರು ನೆಲದುದ್ದಕ್ಕೂ ಹರಡಿ, ಇಂಗಿ, ನಿಧಾನವಾಗಿ ಇಳಿಯುತ್ತದೆ. ಕೊಳವೆಯು ಅದನ್ನು ಒಟ್ಟುಗೂಡಿಸಿ ಒಂದೇ ಕಡೆ ಬೀಳಿಸುತ್ತದೆ. ಹರಡಿದ್ದಾಗ ಯಾರನ್ನೂ ನೋಯಿಸದ ನೀರು ಕೂಡಿದಾಗ ಗೋಡೆಯನ್ನು ಕೆಡಹಬಲ್ಲುದು. ಹರಿವು ಪ್ರಕೃತಿಯದು, ಕೂಡಿಸಿದುದು ಮನುಷ್ಯನದು. ಎಲ್ಲಿ ಮನುಷ್ಯನ ಕೈ ಸೇರಿತೋ ಅಲ್ಲಿಂದ ಅವನ ಹೊಣೆ ಪ್ರಾರಂಭವಾಗುತ್ತದೆ.

ಹಾಗೆಂದು ತನ್ನ ಮನೆ ಕುಸಿಯಲೆಂದು ಕೈಕಟ್ಟಿ ಕುಳಿತಿರುವುದೂ ಧರ್ಮವಲ್ಲ. ಮನೆಯಿಂದ ದೂರದಲ್ಲಿ, ತನ್ನ ಭೂಮಿಯಲ್ಲಿಯೇ ಜಲ್ಲಿ ತುಂಬಿದ ಇಂಗುಗುಂಡಿಯನ್ನು ತೋಡಬಹುದು. ಮಣ್ಣು ನೀರು ಕುಡಿಯದಿದ್ದರೆ ಊರಾಡಳಿತದ ಅಪ್ಪಣೆ ಪಡೆದು ಮಳೆನೀರಿನ ಚರಂಡಿಗೆ ಸೇರಿಸಬಹುದು. ಅದಕ್ಕೂ ಮೊದಲು ನೆರೆಯವನನ್ನು ಕರೆದು ಕೊಳವೆಯ ದಾರಿಯನ್ನು ತೋರಿಸುವುದು ಯುಕ್ತ. ನೆರೆಯವನ ಮುಂದೆ ಹೇಳಲಾಗದ ದಾರಿಯಿದ್ದರೆ ಆ ದಾರಿಯಲ್ಲಿಯೇ ದೋಷವಿದೆಯೆಂದು ತಿಳಿಯಬೇಕು.

ನೀರಿಗೆ ಮಾತ್ರವೇ ಅಲ್ಲ, ಮನೆಯ ಕಸಕ್ಕೆ, ಹೊಗೆಗೆ, ಸಾಲಕ್ಕೆ, ಕೋಪಕ್ಕೆ ಕೂಡ ಈ ನ್ಯಾಯವು ಸಲ್ಲುತ್ತದೆ. ತನ್ನ ಹೊಸ್ತಿಲು ದಾಟಿದ ಮಾತ್ರಕ್ಕೆ ಕೇಡು ತೀರಿತೆಂದು ಭಾವಿಸದೆ, ಅದು ಹೋಗಿ ಸೇರುವ ಸ್ಥಳವನ್ನು ಕಡೆಯವರೆಗೂ ನೋಡುವವನೇ ನಿಜವಾದ ಗೃಹಸ್ಥನು.