ಉಳಿದ ಅಕ್ಷರ

ಕಳೆದ ಮಳೆಗಾಲದ ಒಂದು ಸಾಯಂಕಾಲ, ಮಿತ್ರರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ಮಳೆ ನಿಲ್ಲುವುದನ್ನು ಕಾಯುತ್ತಿದ್ದ ನನ್ನ ಮುಂದೆ, ಅವರ ಮೊಮ್ಮಗಳು ಹಳೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ ಎಂಟು ಚೀಟಿಗಳನ್ನು ತಂದು ಹರಡಿದಳು. ಒಂದೊಂದರ ಬೆನ್ನಿನ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ: ಎ, ಇ, ಐ, ಜಿ, ಎಲ್, ಎನ್, ಆರ್, ಟಿ. “ತಾತ, ಇವುಗಳಲ್ಲಿ ಎಷ್ಟು ಉದ್ದದ ಪದ ಆಗುತ್ತೋ ಮಾಡಿ ನೋಡೋಣ” ಎಂದಳು. ಮೊದಲು ‘ಟ್ರೇನ್’ ಬಂದಿತು, ಆಮೇಲೆ ‘ಏಂಜೆಲ್’; ಬಹಳ ಹೊತ್ತು ಚೀಟಿಗಳನ್ನು ಅತ್ತಿತ್ತ ಸರಿಸಿದ ತರುವಾಯ ಕಗ್ಗಲ್ಲಿಗೆ ಹೆಸರಾದ ‘ಗ್ರಾನೈಟ್’ ದೊರೆಯಿತು. ಏಳಕ್ಷರದ ಆ ಪದವನ್ನು ನೆಟ್ಟಗೆ ಜೋಡಿಸಿ ಸಂತೋಷಪಡುತ್ತಿರುವಾಗ ಆ ಹುಡುಗಿ, ಒಂಟಿಯಾಗಿ ಬಿದ್ದಿದ್ದ ‘ಎಲ್’ ಚೀಟಿಯ ಮೇಲೆ ಬೆರಳಿಟ್ಟು, “ಇದು ಉಳೀತಲ್ಲ ತಾತ” ಎಂದಳು.

ಇಂಗ್ಲಿಷನ್ನಾಡುವ ಜನರಿಗೆ ಅಕ್ಷರಗಳೊಡನೆ ಈ ಬಗೆಯ ಒಡನಾಟ ಬಹಳ ಪ್ರಿಯವಾದುದು. ಆ ಭಾಷೆಯ ಎ, ಇ, ಐ, ಒ, ಯು ಎಂಬ ಐದು ಸ್ವರಾಕ್ಷರಗಳೂ ಅದೇ ಕ್ರಮದಲ್ಲಿ, ಒಂದೊಂದು ಸಲ ಮಾತ್ರ ಬರುವ ಪದಗಳನ್ನು ಅರಸಿದವರಿಗೆ, ವಿನೋದಶೀಲನೆಂಬ ಅರ್ಥದ ‘ಫೆಸೀಷಸ್’ ಮತ್ತು ಮಿತಾಹಾರಿಯೆಂಬ ಅರ್ಥದ ‘ಅಬ್‌ಸ್ಟೀಮಿಯಸ್’ ದೊರೆತವು; ಯಾವ ಅಕ್ಷರವೂ ಪುನರಾವರ್ತಿಸದ ದೀರ್ಘಪದವನ್ನು ಅರಸಿದವರು 15 ಅಕ್ಷರಗಳ ‘ಅನ್‌ಕಾಪಿರೈಟಬಲ್’ ಎಂಬಲ್ಲಿಗೆ ಮುಟ್ಟಿದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಉದ್ಯೋಗವನ್ನು ಕಳೆದುಕೊಂಡಿದ್ದ ಆಲ್‌ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ, ಯಾವ ಅಕ್ಷರ ಎಷ್ಟು ಸಲ ಬರುವುದೆಂದು ವೃತ್ತಪತ್ರಿಕೆಗಳ ಪುಟಗಳಲ್ಲಿ ಎಣಿಸಿ, ಮುಂದೆ ಸ್ಕ್ರ್ಯಾಬಲ್ ಎಂದು ಹೆಸರಾದ ಆಟವನ್ನು ಕಟ್ಟಿದನು. ಅದರ 100 ಬಿಲ್ಲೆಗಳಲ್ಲಿ ‘ಇ’ಗೆ 12 ದಕ್ಕಿದರೆ ‘ಕ್ಯೂ’ ಮತ್ತು ‘ಜೆಡ್’ಗಳಿಗೆ ಒಂದೊಂದೇ.

ನಮ್ಮ ಜಗಲಿಯ ಮೇಲೆ, ಉಳಿದ ಚೀಟಿಗಾಗಿ ನಾನು ಕಗ್ಗಲ್ಲನ್ನು ಕೆಡವಬೇಕಾಯಿತು. ಐ, ಎನ್, ಜಿ ಮೂರನ್ನೂ ಬಾಲವಾಗಿ ಕಡೆಗಿರಿಸಿದರೆ ಐದು ಉಳಿಯುವುವು. ಆ ಐದನ್ನು ತಿರುಗಿಸುತ್ತಿರುವಾಗ, ಮಾರ್ಪಡಿಸುವಿಕೆ ಎಂಬರ್ಥದ ‘ಆಲ್ಟರಿಂಗ್’ ಫಕ್ಕನೆ ಹೊಳೆಯಿತು. ಅಷ್ಟರಲ್ಲಿ ಹುಡುಗಿ, ಆ ವಾರವಷ್ಟೇ ಶಾಲೆಯಲ್ಲಿ ರೇಖಾಗಣಿತವನ್ನು ಆರಂಭಿಸಿದ್ದವಳು, ‘ಟ್ರಯಾಂಗಲ್’ ಎಂದು ಕೂಗಿದಳು. ಆಮೇಲೆ ನೋಡಿದರೆ ‘ಇಂಟೆಗ್ರಲ್’, ‘ರಿಲೇಟಿಂಗ್’, ‘ಅಲರ್ಟಿಂಗ್’ ಎಂಬುವೂ ಅವೇ ಎಂಟು ಅಕ್ಷರಗಳಲ್ಲಿ ಅಡಗಿದ್ದುವು. ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲುಬದಲಾಗಿ ಇರಿಸಿದರೆ 36,28,800 ಮೂರ್ತಿಭೇದಗಳಾಗುವುವೆಂದು ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ತೋರಿಸಿದ ಗಣಿತವನ್ನೇ ಇಲ್ಲಿ ಹಚ್ಚಿದರೆ, ಎಂಟು ಅಕ್ಷರಗಳಿಗೆ 40,320 ಕ್ರಮಗಳಾಗುವುವು, ನಿಮಿಷಕ್ಕೊಂದರಂತೆ ಹಗಲಿರುಳೂ ಎಡೆಬಿಡದೆ ಬರೆದರೆ 28 ದಿನಗಳ ಕೆಲಸ. ಅಷ್ಟೊಂದು ಕ್ರಮಗಳಲ್ಲಿ ಬೆರಳೆಣಿಕೆಯವು ಮಾತ್ರವೇ ಪದವಾಗಿ ಬೆಳಗುವುದು ಏತರಿಂದ? ಪದವೆಂಬುದು ಅಕ್ಷರಗಳಲ್ಲಿದೆಯೆ, ಕ್ರಮದಲ್ಲಿದೆಯೆ, ಅಥವಾ ಇವೆರಡಕ್ಕೂ ಮೀರಿದುದೊಂದರಲ್ಲಿದೆಯೆ?

ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹು ಗಂಭೀರವಾಗಿ ವಿಚಾರಿಸಿರುವರು. ವರ್ಣಗಳು ಒಂದೊಂದಾಗಿ ಉಚ್ಚರಿತವಾಗಿ ಒಡನೆಯೇ ಅಳಿದುಹೋಗುವುದರಿಂದ, ಅರ್ಥವನ್ನು ಬೆಳಗಿಸುವ ಅಖಂಡವಾದ ಸ್ಫೋಟವೊಂದು ಅವುಗಳಿಗಿಂತ ಬೇರೆಯಾಗಿ ಉಂಟೆಂಬುದು ವೈಯಾಕರಣರ ಪಕ್ಷ. ಶ್ರೀಶಂಕರಭಗವತ್ಪಾದರಾದರೋ ಬ್ರಹ್ಮಸೂತ್ರಭಾಷ್ಯದ ದೇವತಾಧಿಕರಣದಲ್ಲಿ ಉಪವರ್ಷಾಚಾರ್ಯರ ಮತವನ್ನು ಹಿಡಿದು, ವರ್ಣಗಳೇ ಶಬ್ದವೆಂದು ಸಾಧಿಸುವರು. ಹಾಗಾದರೆ ‘ಕಪಿ’ ಎಂಬಲ್ಲಿರುವ ವರ್ಣಗಳೇ ‘ಪಿಕ’ ಎಂಬಲ್ಲಿಯೂ ಇರುವುದರಿಂದ ಕೋತಿಗೂ ಕೋಗಿಲೆಗೂ ಭೇದವೇ ಇಲ್ಲದೆ ಹೋಗಲಿಲ್ಲವೆ ಎಂಬ ಆಕ್ಷೇಪಕ್ಕೆ ಅವರು ಕೊಡುವ ದೃಷ್ಟಾಂತ ಇರುವೆಗಳದು: ಇರುವೆಗಳು ಒಂದರ ಹಿಂದೊಂದು ಕ್ರಮವಾಗಿ ನಡೆದಾಗ ಮಾತ್ರ ನೋಡುವವನ ಬುದ್ಧಿಯಲ್ಲಿ ‘ಸಾಲು’ ಎಂಬ ಏಕಭಾವ ಮೂಡುವುದು, ಸಾಲೆಂಬ ಬೇರೊಂದು ವಸ್ತು ಅಲ್ಲಿಲ್ಲ. ಕಾಡು, ಸೇನೆ ಎಂಬಲ್ಲಿಯೂ ಹೀಗೆಯೇ. ವೃದ್ಧವ್ಯವಹಾರದಿಂದ, ಎಂದರೆ ಹಿರಿಯರ ಬಳಕೆಯಿಂದ, ಇಂಥ ಕ್ರಮಕ್ಕೆ ಇಂಥ ಅರ್ಥವೆಂದು ತಿಳಿದಿರುವವನ ಒಂದೇ ಬುದ್ಧಿಯಲ್ಲಿ ಅನೇಕ ವರ್ಣಗಳು ಒಂದಾಗಿ ತೋರುವುವು.

ಜಗಲಿಯ ಆ ಸಂಜೆಯಿಂದ ಈಚೆಗೆ ಆಚಾರ್ಯರ ಈ ಮಾತು ನನಗೆ ಹೆಚ್ಚು ಆಪ್ತವಾಗಿದೆ. ಹುಡುಗಿಗೆ ತ್ರಿಕೋನ ಕಂಡುದು ಚೀಟಿಗಳ ವಿಶೇಷದಿಂದಲ್ಲ, ಅವಳ ಉಪಾಧ್ಯಾಯರ ಕಪ್ಪುಹಲಗೆಯಿಂದ. ಏಕತ್ವವು ಕಾಣುವ ಬುದ್ಧಿಯಲ್ಲಿದೆ, ಆ ಬುದ್ಧಿಯಾದರೋ ಹಿರಿಯರಿಂದ ಪಡೆದ ಋಣ. ನಾವು ಅರಸಿ ಪಡೆದೆವೆಂದುಕೊಳ್ಳುವುದು ಮೊದಲೇ ನಮ್ಮಲ್ಲಿದ್ದುದರ ಗುರುತಿಸುವಿಕೆ. ಆದರೂ ಚೀಟಿಗಳನ್ನು ಸರಿಸುವ ಶ್ರಮವಿಲ್ಲದೆ ಆ ಗುರುತು ಆಗದು.

ಇಲ್ಲಿ ಅಪಾಯವೂ ಉಂಟು. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಲ್ಯಾಟಿನ್ನಿನಿಂದ ಬಂದ 27 ಅಕ್ಷರಗಳ ಪದವೊಂದಿದೆ. 1910ರಲ್ಲಿ ಸರ್ ಎಡ್ವಿನ್ ಡರ್ನಿಂಗ್-ಲಾರೆನ್ಸ್ ಎಂಬವರು ಆ 27ನ್ನೂ ಬಿಡದೆ ಬೇರೆ ಕ್ರಮದಲ್ಲಿ ಜೋಡಿಸಿ, ಈ ನಾಟಕಗಳು ಫ್ರಾನ್ಸಿಸ್ ಬೇಕನ್ನನ ಸಂತಾನವೆಂಬ ಅರ್ಥದ ಲ್ಯಾಟಿನ್ ಪಂಕ್ತಿಯನ್ನು ಹೊರಡಿಸಿ, ಅದನ್ನೇ ಪ್ರಮಾಣವೆಂದು ಮುಂದಿಟ್ಟರು. ಆ ಪದವಾದರೋ ಷೇಕ್ಸ್‌ಪಿಯರನಿಗಿಂತ ಶತಮಾನಗಳ ಹಿಂದಿನಿಂದಲೂ ವಿದ್ವಾಂಸರ ಬಳಕೆಯಲ್ಲಿದ್ದುದು. ಒಂದಕ್ಷರವೂ ಉಳಿಯದಿದ್ದ ಮಾತ್ರಕ್ಕೆ ಜೋಡಣೆ ಸತ್ಯವಾಗದು. ಬುದ್ಧಿ ತಾನು ಬಯಸಿದುದನ್ನೇ ಕಾಣಬಲ್ಲುದಾದುದರಿಂದ, ಹಿರಿಯರ ಬಳಕೆಯೆಂಬ ಒರೆಗಲ್ಲಿಗೆ ಅದನ್ನು ತಿಕ್ಕಿ ನೋಡಬೇಕು.

ಆದರೆ ಒಂದಕ್ಷರ ಉಳಿದರೆ ಮಾತ್ರ ಪದ ಪೂರ್ಣವಲ್ಲವೆಂಬುದು ನಿಶ್ಚಯ. ಧರ್ಮವಿಚಾರದಲ್ಲಿ ನಾವು ಎಡವುವುದು ಬಹುಮಟ್ಟಿಗೆ ಇಲ್ಲಿಯೇ ಎಂದು ನನಗೆ ತೋರುತ್ತದೆ. ಲೋಕದಲ್ಲಿ ಕಂಡ ಸೊಗಸು, ಒಳ್ಳೆಯವರ ಒಳ್ಳೆಯತನ, ದುಡಿದವನಿಗೆ ದೊರೆತ ಫಲ ಇವನ್ನೆಲ್ಲ ಹೊಂದಿಸಿ, ಈಶ್ವರನ ಕೃಪೆಯನ್ನು ಸಾರುವ ಭದ್ರವಾದ ಸಿದ್ಧಾಂತವೊಂದನ್ನು ನಿಲ್ಲಿಸುವೆವು. ನಿರಪರಾಧಿಯಾದ ಒಂದು ಮಗುವಿನ ನರಳಾಟ ಮಾತ್ರ ಆಚೆ ಉಳಿದಿರುವುದು. ಅದನ್ನು ನಾವು ಆ ಸಿದ್ಧಾಂತದ ತುದಿಗೆ ಅಂಟಿಸಲು ನೋಡುವೆವು, ಅಥವಾ ಅಂಗೈಯಡಿಯಲ್ಲಿ ಮುಚ್ಚಿಕೊಳ್ಳುವೆವು. ‘ಗ್ರಾನೈಟ್’ನ ಆದಿಯಲ್ಲಾಗಲಿ ಅಂತ್ಯದಲ್ಲಾಗಲಿ ನಡುವೆಯಾಗಲಿ ‘ಎಲ್’ ಅನ್ನು ಎಲ್ಲಿ ತುರುಕಿದರೂ ಪದವಾಗಲಿಲ್ಲ. ಆ ಒಂದು ಅಕ್ಷರಕ್ಕೆ ಎಡೆಯಾಗಬೇಕಾದರೆ ಸರಿಯಾಗಿಯೇ ನಿಂತಿದ್ದ ಏಳೂ ತಮ್ಮ ಸ್ಥಾನವನ್ನು ಬಿಟ್ಟು ಮತ್ತೆ ಚದುರಬೇಕಾಯಿತು. ಚದುರಿದ ಕ್ಷಣದಲ್ಲಿ, ಮುಂದೆ ಏನಾದರೂ ದೊರೆಯುವುದೆಂಬ ಭರವಸೆ ನನಗಿರಲಿಲ್ಲ. ಶ್ರದ್ಧೆಯೆಂದರೆ ಕಟ್ಟಿದುದನ್ನು ಬಿಗಿಯಾಗಿ ಹಿಡಿದಿರುವುದೆಂದು ಬಹುಕಾಲ ನಂಬಿದ್ದೆನು. ಉಳಿದುದಕ್ಕಾಗಿ ಕಟ್ಟಿದುದನ್ನು ಬಿಚ್ಚುವ ಧೈರ್ಯಕ್ಕೂ ಅದೇ ಹೆಸರೆಂದು ಈಗ ತಿಳಿಯುತ್ತಿರುವೆನು.